ರಾಜಕೋಟ್, ಮಾರ್ಚ್ 2019: ಪಬ್ಜಿ ಆಡಿದ್ದಕ್ಕೆ ಪೊಲೀಸ್ ಕೇಸು

2019ರ ಮಾರ್ಚ್ 6ರಂದು ಗುಜರಾತಿನ ರಾಜಕೋಟ್ ನಗರದ ಪೊಲೀಸ್ ಆಯುಕ್ತರು ಒಂದು ಆದೇಶ ಹೊರಡಿಸಿದರು. ಮಾರ್ಚ್ 9ರಿಂದ ಏಪ್ರಿಲ್ 30ರವರೆಗೆ ನಗರದಲ್ಲಿ ಯಾರೂ ಪಬ್ಜಿ ಆಡುವಂತಿಲ್ಲ. ಗಲಾಟೆ, ದೊಂಬಿ ಆದಾಗ ಗುಂಪು ಸೇರದಂತೆ ತಡೆಯಲು ಹಾಕುತ್ತಿದ್ದ ಸಿಆರ್‌ಪಿಸಿ 144ನೇ ಸೆಕ್ಷನ್ ಇತ್ತಲ್ಲ, ಅದನ್ನೇ ಒಂದು ಮೊಬೈಲ್ ಆಟಕ್ಕೆ ಹಾಕಿದ್ದರು. ಆಡಿ ಸಿಕ್ಕಿಬಿದ್ದರೆ, ಸರ್ಕಾರಿ ಆದೇಶ ಮೀರಿದ್ದಕ್ಕೆ ಐಪಿಸಿ 188ರಲ್ಲಿ ಕೇಸು. ಆದೇಶ ಜಾರಿಗೆ ಬಂದ ಕೆಲವೇ ದಿನಗಳಲ್ಲಿ ಹತ್ತು ಜನರನ್ನು ಬಂಧಿಸಿದರು, ಅದರಲ್ಲಿ ಆರು ಮಂದಿ ಕಾಲೇಜು ವಿದ್ಯಾರ್ಥಿಗಳು. ಫೋನ್ ಕಿತ್ತುಕೊಂಡು, ಆಟದ ಹಿಸ್ಟರಿ ನೋಡಿ, ಆಡಿದ್ದು ಹೌದು ಎಂದು ಖಾತ್ರಿ ಮಾಡಿಕೊಂಡರು. ಜಾಮೀನು ಸಿಗುವ ಕೇಸಾದ್ದರಿಂದ ಬೇಗ ಹೊರಗೆ ಬಂದರು.

ಹಳೇ ಸುದ್ದಿ, ಈಗ ಯಾಕೆ ಅಂತ ಅನ್ನಿಸಬಹುದು. ಹೊಡಿ, ಬಡಿ, ಗುಂಡು ಹಾರಿಸು ಎನ್ನುವ ಆಟಗಳು ಮಕ್ಕಳನ್ನು ಏನು ಮಾಡುತ್ತವೆ ಎಂಬ ಮಾತು ನಮ್ಮಲ್ಲಿ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಒಂದೇ ಗೊಂದಲ ಕಾಣುತ್ತದೆ, ಆ ಗೊಂದಲ ಪೂರ್ತಿಯಾಗಿ ಬಯಲಾಗಿದ್ದು ರಾಜಕೋಟಿನಲ್ಲಿ. ಆಟ ನೋಡಿ ಮಗು ಹಿಂಸೆಗೆ ಇಳಿಯುತ್ತದೆ ಎಂಬ ಭಯ ಒಂದು. ಮಗು ನಿದ್ದೆ ಬಿಟ್ಟು, ಓದು ಬಿಟ್ಟು, ಊಟ ಬಿಟ್ಟು ಫೋನಿಗೆ ಅಂಟಿಕೊಳ್ಳುತ್ತದೆ ಎಂಬ ಸಂಕಟ ಇನ್ನೊಂದು. ಇವೆರಡೂ ಬೇರೆ ಬೇರೆ. ಎರಡನ್ನೂ ಕಲಸಿ ಒಂದೇ ಮಾಡಿದ್ದರಿಂದ ಮೊದಲನೆಯದಕ್ಕೆ ಪೊಲೀಸರು ಬಂದರು, ಎರಡನೆಯದಕ್ಕೆ ಯಾರೂ ಬರಲಿಲ್ಲ.

ಆದೇಶದ ಹಿಂದೆ ಏನಿತ್ತು

ರಾಜಕೋಟ್ ಪೊಲೀಸರು ಇದ್ದಕ್ಕಿದ್ದಂತೆ ಎದ್ದು ಮಾಡಿದ್ದಲ್ಲ ಇದು. ಆ ವರ್ಷ ಜನವರಿಯಲ್ಲೇ ಗುಜರಾತಿನ ಮಕ್ಕಳ ಹಕ್ಕುಗಳ ಆಯೋಗದ ಶಿಫಾರಸಿನ ಮೇಲೆ ಶಿಕ್ಷಣ ಇಲಾಖೆ ಪ್ರಾಥಮಿಕ ಶಾಲೆಗಳಿಗೆ ಸುತ್ತೋಲೆ ಕಳಿಸಿತ್ತು, ಮಕ್ಕಳು ಪಬ್ಜಿ ಆಡದಂತೆ ನೋಡಿಕೊಳ್ಳಿ ಅಂತ. ಅದೇ ಜನವರಿ 29ರಂದು ದೆಹಲಿಯಲ್ಲಿ ಪ್ರಧಾನಿಯವರ 'ಪರೀಕ್ಷಾ ಪೇ ಚರ್ಚಾ' ನಡೆಯಿತು. ಒಬ್ಬ ತಾಯಿ ಎದ್ದು, ಚೆನ್ನಾಗಿ ಓದುತ್ತಿದ್ದ ಮಗ ಆನ್‌ಲೈನ್ ಆಟಕ್ಕೆ ಬಿದ್ದಿದ್ದಾನೆ, ಏನು ಮಾಡಲಿ ಅಂತ ಕೇಳಿದರು. ಇವನು ಪಬ್ಜಿಯವನಾ ಎಂದು ಮೋದಿಯವರು ಕೇಳಿದ್ದೇ ತಡ, ಸಭೆಯೆಲ್ಲ ನಕ್ಕಿತು. ಆ ನಗು ನೋಡಿದರೆ ಸಾಕು, ಆಟ ಎಷ್ಟು ಮನೆ ಹೊಕ್ಕಿತ್ತು ಎಂದು ಗೊತ್ತಾಗುತ್ತದೆ. ಮಕ್ಕಳನ್ನು ತಂತ್ರಜ್ಞಾನದಿಂದ ದೂರ ಇಟ್ಟರೆ ಅವರನ್ನು ಹಿಂದಕ್ಕೆ ಎಳೆದಂತೆ ಎಂದೂ ಅವರು ಅಂದೇ ಹೇಳಿದ್ದರು. ಆ ಮಾತು ಮಾತ್ರ ಹೆಚ್ಚು ಜನರ ಕಿವಿಗೆ ಬೀಳಲಿಲ್ಲ.

ಮಾರ್ಚ್ ಅಂದರೆ ಬೋರ್ಡ್ ಪರೀಕ್ಷೆಯ ಕಾಲ. ತಂದೆತಾಯಿಯ ಒತ್ತಡ, ಶಾಲೆಯ ಒತ್ತಡ, ಮೇಲೆ ಟಿವಿಯವರ ಕೂಗಾಟ. ಆದೇಶದಲ್ಲಿ ಕೊಟ್ಟ ಕಾರಣಗಳನ್ನು ನೋಡಿ: ಮಕ್ಕಳಲ್ಲಿ, ಯುವಕರಲ್ಲಿ ಹಿಂಸೆಯ ಸ್ವಭಾವ ಬೆಳೆಯುತ್ತಿದೆ, ಓದು ಹಾಳಾಗುತ್ತಿದೆ, ನಡತೆ ಮಾತು ಕೆಡುತ್ತಿದೆ. ಮೂರೂ ಒಂದೇ ಉಸಿರಿನಲ್ಲಿ.

ಇನ್ನೊಂದು ವಿಷಯ ಇದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಅದೇ ಆದೇಶದಲ್ಲಿ ಪಬ್ಜಿ ಜೊತೆಗೆ 'ಮೋಮೋ ಚಾಲೆಂಜ್' ಕೂಡ ನಿಷೇಧ ಆಯಿತು. ಮೋಮೋ ಅಂತ ಒಂದು ಆಟ ಇರಲೇ ಇಲ್ಲ. ಜಪಾನಿನ ಕಲಾವಿದರೊಬ್ಬರು ಮಾಡಿದ್ದ ಹಕ್ಕಿ ಮೈಯ, ದಪ್ಪ ಕಣ್ಣಿನ ಹೆಂಗಸಿನ ಬೊಂಬೆಯ ಫೋಟೊ ಅದು. ಅದು ವಾಟ್ಸಾಪಿನಲ್ಲಿ ಮಕ್ಕಳಿಗೆ ಬಂದು ಸಾಯಲು ಹೇಳುತ್ತದೆ ಎಂಬ ಪುಕಾರು ಊರೂರು ಸುತ್ತಿತು. ಬ್ರಿಟನ್ನಿನ ಮಕ್ಕಳ ರಕ್ಷಣಾ ಸಂಸ್ಥೆಗಳು 2019ರ ಫೆಬ್ರವರಿ ಕೊನೆಗೇ, ಇದಕ್ಕೆ ಆಧಾರ ಇಲ್ಲ, ಪೋಷಕರು ಹಂಚಿಕೊಳ್ಳುತ್ತಿರುವ ಭಯವೇ ಮಕ್ಕಳನ್ನು ಹೆದರಿಸುತ್ತಿದೆ ಎಂದು ಹೇಳಿದ್ದವು. ಅದಾದ ಒಂದು ವಾರಕ್ಕೆ ರಾಜಕೋಟಿನ ಆದೇಶ ಬಂತು. ಇಲ್ಲದ ಆಟವನ್ನೂ ಇರುವ ಆಟವನ್ನೂ ಒಂದೇ ತಕ್ಕಡಿಗೆ ಹಾಕಿದರು ಅಂದರೆ, ಆಟವನ್ನು ಯಾರೂ ಕೂತು ನೋಡಿರಲಿಲ್ಲ ಅಂತಲೇ ಅರ್ಥ.

ಹಾಗಾದರೆ ಆಟದಲ್ಲಿ ಏನಿತ್ತು

ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಉತ್ತರ ಇರುವುದು ಇಲ್ಲೇ.

ಪಬ್ಜಿ ಕಂಪ್ಯೂಟರಿಗೆ ಬಂದಿದ್ದು 2017ರಲ್ಲಿ. ಐರ್ಲೆಂಡಿನ ಬ್ರೆಂಡನ್ ಗ್ರೀನ್ ರೂಪಿಸಿದ ಆಟ, ದಕ್ಷಿಣ ಕೊರಿಯಾದ ಕಂಪನಿಯದ್ದು. ಚೀನಾದ ಟೆನ್ಸೆಂಟ್ ಸೇರಿಕೊಂಡು 2018ರ ಮಾರ್ಚಿನಲ್ಲಿ ಮೊಬೈಲಿಗೆ ತಂದರು, ಅದೂ ಪುಕ್ಕಟೆ. ನಮ್ಮಲ್ಲಿ 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗಿತ್ತು, ಹತ್ತು ಸಾವಿರದ ಫೋನಿನಲ್ಲೂ ಆಟ ಓಡುತ್ತಿತ್ತು. ಅಲ್ಲಿಯವರೆಗೆ ಇಂಥ ಆಟ ಬೇಕು ಅಂದರೆ ದುಬಾರಿ ಕಂಪ್ಯೂಟರ್ ಬೇಕಿತ್ತು ಅಥವಾ ಗಂಟೆಗೆ ಇಷ್ಟು ಅಂತ ಕೊಟ್ಟು ಸೈಬರ್ ಸೆಂಟರಿಗೆ ಹೋಗಬೇಕಿತ್ತು. ಈಗ ಅದು ಹಾಸಿಗೆಯೊಳಗೆ ಬಂತು.

ನೂರು ಜನ ವಿಮಾನದಿಂದ ಪ್ಯಾರಾಶೂಟಿನಲ್ಲಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಬರಿಗೈ. ಮನೆ ಮನೆ ನುಗ್ಗಿ ಗನ್, ಹೆಲ್ಮೆಟ್, ಔಷಧಿ ಹುಡುಕಬೇಕು. ಸುತ್ತಲಿನ ನೀಲಿ ವೃತ್ತ ಕಿರಿದಾಗುತ್ತಾ ಬರುತ್ತದೆ, ಹೊರಗೆ ಉಳಿದವನು ಸಾಯುತ್ತಾನೆ. ಕೊನೆಗೆ ಉಳಿದವನು ಅಥವಾ ತಂಡ ಗೆದ್ದಂತೆ. ಪೂರ್ತಿ ಆಡಿದರೆ ಅರ್ಧ ಗಂಟೆ. ಗುಂಡು ತಗುಲಿದಾಗ ರಕ್ತ ಚಿಮ್ಮಿದಂತೆ ಕಾಣುತ್ತದೆ, ಸತ್ತವನು ಒಂದು ಪೆಟ್ಟಿಗೆಯಾಗಿ ಬದಲಾಗುತ್ತಾನೆ. ಹಿಂಸೆ ಇದೆ, ಖಂಡಿತ ಇದೆ. ಹತ್ತು ವರ್ಷದ ಮಗುವಿಗೆ ಇದು ಬೇಡ ಅಂತ ನಾನೂ ಹೇಳುತ್ತೇನೆ. ಆದರೆ ಹುಡುಗರನ್ನು ಹಿಡಿದು ಕೂರಿಸಿದ್ದು ಆ ರಕ್ತ ಅಲ್ಲ.

ಮೊದಲನೆಯದು, ಆಟವನ್ನು ಮಧ್ಯದಲ್ಲಿ ತಡೆದು ನಿಲ್ಲಿಸುವ ಪಾಜ್ ಬಟನ್ ಇಲ್ಲ. ಶುರುವಾದರೆ ಮುಗಿಯುವವರೆಗೆ ಆಡಬೇಕು. ಎರಡನೆಯದು ಸ್ಕ್ವಾಡ್. ನಾಲ್ಕು ಜನ ಗೆಳೆಯರು ಮೈಕ್ ಆನ್ ಮಾಡಿಕೊಂಡು ಒಟ್ಟಿಗೆ ಆಡುತ್ತಾರೆ. ಒಬ್ಬನಿಗೆ ಗುಂಡು ಬಿದ್ದರೆ ತಕ್ಷಣ ಸಾಯುವುದಿಲ್ಲ, ನೆಲದ ಮೇಲೆ ತೆವಳುತ್ತಾನೆ, ಇನ್ನೊಬ್ಬ ಓಡಿ ಬಂದು ಎಬ್ಬಿಸಬೇಕು. "ರಿವೈವ್ ಕೊಡೋ, ರಿವೈವ್ ಕೊಡೋ" ಅಂತ ಕೂಗುವುದು ಅದಕ್ಕೇ. ಮಧ್ಯದಲ್ಲಿ ಎದ್ದು ಹೋದರೆ ಮೂವರು ಗೆಳೆಯರನ್ನು ಕೈಬಿಟ್ಟು ಹೋದಂತೆ, ನಾಳೆ ಕ್ಲಾಸಿನಲ್ಲಿ ಮುಖ ತೋರಿಸುವುದು ಕಷ್ಟ. ಮೂರನೆಯದು ರ‍್ಯಾಂಕ್. ಬ್ರಾಂಜಿನಿಂದ ಶುರುವಾಗಿ ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್, ಕ್ರೌನ್, ಏಸ್, ಕಾಂಕರರ್. ಸೀಸನ್ ಮುಗಿದ ಕೂಡಲೇ ಕೆಳಗಿಳಿಸುತ್ತಾರೆ, ಮತ್ತೆ ಹತ್ತಬೇಕು. ದಿನಾ ಲಾಗಿನ್ ಆದರೆ ಬಹುಮಾನ, ಆಗದಿದ್ದರೆ ನಷ್ಟ. ಹೊಸಬರ ಮ್ಯಾಚಿನಲ್ಲಿ ಎದುರಾಳಿಗಳಲ್ಲಿ ಬಹಳಷ್ಟು ಬಾಟ್‌ಗಳು, ಅಂದರೆ ಕಂಪ್ಯೂಟರೇ ಆಡಿಸುವ ದಡ್ಡ ಬೊಂಬೆಗಳು. ಮೊದಮೊದಲು ಸುಲಭವಾಗಿ ಗೆಲ್ಲುತ್ತಾನೆ ಹುಡುಗ, ನನಗೆ ಇದು ಬರುತ್ತದೆ ಅಂದುಕೊಳ್ಳುತ್ತಾನೆ. ಓದಿನಲ್ಲಿ ಯಾವತ್ತೂ 'ನೀನು ಸಾಲದು' ಎಂದೇ ಕೇಳಿಸಿಕೊಂಡ ಹುಡುಗನಿಗೆ ಅದು ಎಷ್ಟು ದೊಡ್ಡ ವಿಷಯ ಯೋಚಿಸಿ.

ಈಗ ಮನೆಯ ದೃಶ್ಯ ನೋಡಿ. ರಾತ್ರಿ ಹತ್ತೂವರೆ, ಅಪ್ಪ ಕರೆಯುತ್ತಾರೆ, "ಇದೊಂದು ಮ್ಯಾಚ್ ಅಪ್ಪಾ" ಅಂತ ಮಗ. ಐದು ನಿಮಿಷ ಬಿಟ್ಟು ಅಪ್ಪ ಫೋನ್ ಕಿತ್ತುಕೊಳ್ಳುತ್ತಾರೆ. ಕೊನೆಯ ವೃತ್ತ, ಹತ್ತೇ ಜನ ಉಳಿದಿದ್ದಾರೆ, ಮೂವರು ಗೆಳೆಯರು ಕೂಗುತ್ತಿದ್ದಾರೆ. ಮಗ ಕಿರುಚುತ್ತಾನೆ, ಬಾಗಿಲು ದಢಾರನೆ ಹಾಕುತ್ತಾನೆ. ಅಪ್ಪನಿಗೆ ಕಾಣುವುದು ಏನು? ಗುಂಡು ಹೊಡೆಯುವ ಆಟ ಆಡಿ ಆಡಿ ನನ್ನ ಮಗ ರಾಕ್ಷಸ ಆಗಿಬಿಟ್ಟ ಅಂತ. ಭಯ ಸುಳ್ಳಲ್ಲ, ಕಂಡಿದ್ದೂ ಸುಳ್ಳಲ್ಲ. ಕಾರಣ ಮಾತ್ರ ಬೇರೆ. ಫುಟ್‌ಬಾಲ್ ಆಟವೇ ಆಗಿದ್ದರೂ, ಅದು ಹೀಗೇ ಕಟ್ಟಿದ ಆಟವಾಗಿದ್ದರೆ, ಅದೇ ಕಿರುಚಾಟ ಆಗುತ್ತಿತ್ತು.

ಸಂಶೋಧನೆ ಏನು ಹೇಳುತ್ತದೆ

ರಾಜಕೋಟ್ ಆದೇಶಕ್ಕೆ ಮೂರು ವಾರ ಮುಂಚೆ, 2019ರ ಫೆಬ್ರವರಿಯಲ್ಲಿ, ಆಕ್ಸ್‌ಫರ್ಡಿನ ಆಂಡ್ರ್ಯೂ ಪ್ಶಿಬಿಲ್ಸ್ಕಿ ಮತ್ತು ಕಾರ್ಡಿಫಿನ ನೆಟ್ಟಾ ವೈನ್‌ಸ್ಟೈನ್ ಒಂದು ಅಧ್ಯಯನ ಪ್ರಕಟಿಸಿದ್ದರು. ಬ್ರಿಟನ್ನಿನ 14, 15 ವಯಸ್ಸಿನ 1,004 ಮಕ್ಕಳು. ಆಟ ಎಷ್ಟು ಹಿಂಸೆಯದ್ದು ಎಂದು ಮಕ್ಕಳನ್ನೇ ಕೇಳಿ ನಂಬದೆ ಅಧಿಕೃತ ವಯಸ್ಸಿನ ರೇಟಿಂಗ್ ನೋಡಿದರು. ಮಗು ಎಷ್ಟು ಜಗಳಗಂಟ ಎಂದು ತಂದೆತಾಯಿಯನ್ನು ಕೇಳಿದರು. ಏನನ್ನು ಹುಡುಕುತ್ತೇವೆ ಎಂದು ಮೊದಲೇ ಬರೆದಿಟ್ಟು, ಆಮೇಲೆ ಲೆಕ್ಕ ಹಾಕಿದರು. ಹಿಂಸೆಯ ಆಟ ಆಡುವುದಕ್ಕೂ ಮಗುವಿನ ಆಕ್ರಮಣಕಾರಿ ನಡತೆಗೂ ಅವರಿಗೆ ಸಂಬಂಧ ಸಿಗಲಿಲ್ಲ.

ಎಲ್ಲ ಅಧ್ಯಯನಗಳೂ ಹೀಗೇ ಹೇಳುವುದಿಲ್ಲ, ಅದನ್ನೂ ಹೇಳಬೇಕು. 2018ರ ಅಕ್ಟೋಬರಿನಲ್ಲಿ ಅಮೆರಿಕದ ಡಾರ್ಟ್‌ಮೌತ್ ಸಂಶೋಧಕರು 24 ಅಧ್ಯಯನಗಳನ್ನು, ಒಟ್ಟು 17,000ಕ್ಕೂ ಜಾಸ್ತಿ ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಹಿಂಸೆಯ ಆಟ ಆಡುವ ಮಕ್ಕಳಲ್ಲಿ ಕಾಲ ಕಳೆದಂತೆ ಹೊಡೆದಾಟ ತುಸು ಹೆಚ್ಚಾಗಿದ್ದು ಕಂಡಿತು. ತುಸು ಅನ್ನುವುದು ಮುಖ್ಯ, ಅವರ ಲೆಕ್ಕದಲ್ಲೇ ಪರಿಣಾಮ ಚಿಕ್ಕದು. ಮನೆಯಲ್ಲಿ ಏಟು ತಿನ್ನುವ ಮಗು, ಅಪ್ಪ ಅಮ್ಮನ ಜಗಳ ನೋಡುವ ಮಗು, ಶಾಲೆಯಲ್ಲಿ ಅವಮಾನ ನುಂಗುವ ಮಗು, ಇವೆಲ್ಲದರ ಎದುರು ಆಟದ ಪಾಲು ಎಷ್ಟು ಎಂಬುದನ್ನು ಬಿಟ್ಟು ಆಟದ ಬಗ್ಗೆ ಮಾತ್ರ ಮಾತಾಡಿದರೆ ನ್ಯಾಯ ಅಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ತನ್ನ ಹಳೆಯ ನಿರ್ಣಯವನ್ನು ತಿದ್ದಿ ಹೇಳಿದ್ದೂ ಇದೇ ಧಾಟಿಯಲ್ಲಿ. ಕೂಗಾಟ, ತಳ್ಳಾಟದಂಥ ವರ್ತನೆಯ ಜೊತೆ ಚಿಕ್ಕ ನಂಟು ಕಾಣುತ್ತದೆ, ಆದರೆ ನಿಜವಾದ ಅಪರಾಧ, ಕೊಲೆಗೆ ಆಟವನ್ನು ಕಾರಣ ಮಾಡುವಷ್ಟು ಸಾಕ್ಷ್ಯ ಇಲ್ಲ ಅಂತ. ಅದಕ್ಕೂ ಮುಂಚೆ, 2011ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯ ಮಕ್ಕಳಿಗೆ ಹಿಂಸೆಯ ಆಟ ಮಾರಬಾರದು ಎಂದು ಮಾಡಿದ್ದ ಕಾಯ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 7-2ರಿಂದ ರದ್ದು ಮಾಡಿತ್ತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ರಾಜ್ಯ ತಂದಿಟ್ಟ ಅಧ್ಯಯನಗಳು ಆಟವೇ ಕಾರಣ ಎಂದು ತೋರಿಸುವುದಿಲ್ಲ ಎಂದರು. ಗಮನಿಸಿ, ಕ್ಯಾಲಿಫೋರ್ನಿಯಾ ಹಿಡಿಯಲು ಹೊರಟಿದ್ದು ಆಟ ಮಾರುವವರನ್ನು. ರಾಜಕೋಟ್ ಹಿಡಿದದ್ದು ಆಡುವ ಹುಡುಗರನ್ನು.

ಇದನ್ನು ಬರೆಯುವಾಗ ನಮ್ಮ ಬೆಳಗಾವಿ ಜಿಲ್ಲೆಯ ಸುದ್ದಿ ನೆನಪಾಗದೆ ಇರುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಮಗನೊಬ್ಬ ತಂದೆಯನ್ನು ಕೊಂದ ಎಂಬ ಸುದ್ದಿ ಬಂದಾಗ ಎಲ್ಲ ಚಾನೆಲ್ಲುಗಳೂ ಪಬ್ಜಿ ಹೆಸರು ಹಾಕಿಯೇ ತೋರಿಸಿದವು. ಎದೆ ಒಡೆಯುವ ಘಟನೆ. ಆದರೆ ಅಂಥ ಮನೆಯೊಳಗೆ ಎಷ್ಟು ದಿನದಿಂದ ಏನೇನು ಬೇಯುತ್ತಿತ್ತು, ಹುಡುಗನ ಮನಸ್ಸಿನ ಆರೋಗ್ಯ ಹೇಗಿತ್ತು ಎಂದು ಕೇಳುವ ಮೊದಲೇ ಆಟದ ಹೆಸರು ಅಂಟಿಸಿಬಿಟ್ಟರೆ, ನಾಳೆ ಇನ್ನೊಂದು ಮನೆಯಲ್ಲಿ ಅದೇ ಲಕ್ಷಣ ಕಂಡಾಗ ಜನ ಆ್ಯಪ್ ಅಳಿಸಿ ಸುಮ್ಮನಾಗುತ್ತಾರೆ. ಡಾಕ್ಟರ ಹತ್ತಿರ ಹೋಗುವುದಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ.

ಎರಡನೆಯ ಸಂಕಟದ ಬಗ್ಗೆ ವೈದ್ಯರು ಹೇಳಿದ್ದು ಸ್ಪಷ್ಟವಾಗೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ತನ್ನ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನು ಸೇರಿಸಿತು. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮೊದಲಾಗುವುದು, ನಷ್ಟ ಆಗುತ್ತಿದ್ದರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ ಒಂದು ವರ್ಷವಾದರೂ ಕಾಣುವುದು. ಆ ಲಕ್ಷಣಗಳಲ್ಲಿ ಗನ್ ಇಲ್ಲ, ರಕ್ತ ಇಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ 'ಶಟ್' ಎಂಬ ಕ್ಲಿನಿಕ್ ಶುರುಮಾಡಿ ಫೋನು, ಆಟದ ಗೀಳಿಗೆ ಸಿಕ್ಕವರನ್ನು ನೋಡುತ್ತಿತ್ತು. ರಾಜಕೋಟಿನಲ್ಲಿ ಠಾಣೆಯ ಬದಲು ಇಂಥದ್ದೊಂದು ಕೋಣೆ, ಒಬ್ಬ ಕೌನ್ಸೆಲರ್ ಇದ್ದಿದ್ದರೆ!

ಆಮೇಲೆ ಏನಾಯಿತು

ಇಂಟರ್ನೆಟ್ ಬಳಸುವವರ ಹಕ್ಕುಗಳಿಗಾಗಿ ಕೆಲಸ ಮಾಡುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಎಂಬ ಸಂಸ್ಥೆ ಈ ನಿಷೇಧಗಳನ್ನು ಗುಜರಾತ್ ಹೈಕೋರ್ಟಿನಲ್ಲಿ ಪ್ರಶ್ನಿಸಿತು, ಅರ್ಜಿ ವಜಾ ಆಯಿತು. ಏಪ್ರಿಲ್ 30 ಬಂತು, ಆದೇಶದ ಅವಧಿ ಮುಗಿಯಿತು. ಆಟ ಎಲ್ಲೂ ಹೋಗಲಿಲ್ಲ. ನೇಪಾಳ ಅದೇ ಏಪ್ರಿಲಿನಲ್ಲಿ ದೇಶಕ್ಕೇ ನಿಷೇಧ ಹಾಕಿತು, ಅಲ್ಲಿನ ಸುಪ್ರೀಂ ಕೋರ್ಟ್ ಕೆಲವೇ ದಿನಗಳಲ್ಲಿ ತಡೆಯಿತು. ಟೆನ್ಸೆಂಟ್ ಕಂಪನಿ ಭಾರತದ ಕೆಲವು ಆಟಗಾರರಿಗೆ ಆರು ಗಂಟೆ ಆದ ಮೇಲೆ ಆಟ ನಿಲ್ಲಿಸುವ ಸೂಚನೆ ತೋರಿಸಲು ಶುರುಮಾಡಿತು. ಆರು ಗಂಟೆ! ಶಾಲೆಗೆ ಹೋಗುವ ಮಗುವಿಗೆ ಅದು ಯಾವ ಮಿತಿ?

ಕೊನೆಗೆ ದೇಶದಲ್ಲಿ ಪಬ್ಜಿ ಮೊಬೈಲ್ ನಿಷೇಧ ಆಗಿದ್ದು 2020ರ ಸೆಪ್ಟೆಂಬರ್ 2ರಂದು, ಗಲ್ವಾನ್ ಘರ್ಷಣೆಯ ನಂತರ, 118 ಆ್ಯಪ್‌ಗಳಲ್ಲಿ ಒಂದಾಗಿ. ಐಟಿ ಕಾಯ್ದೆಯ 69ಎ ಸೆಕ್ಷನ್, ಕಾರಣ ದೇಶದ ಭದ್ರತೆ ಮತ್ತು ಡೇಟಾ. ಮಕ್ಕಳು ಕಾರಣವೇ ಅಲ್ಲ. ಹುಡುಗರು ಇಂಥದ್ದೇ ಇನ್ನೊಂದು ಆಟವಾದ ಫ್ರೀ ಫೈರ್‌ಗೆ ಹೋದರು, 2022ರ ಫೆಬ್ರವರಿಯಲ್ಲಿ ಅದೂ ಹೋಯಿತು. ಈ ನಡುವೆ 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಬಿಜಿಎಂಐ ಎಂಬ ಹೆಸರಿನಲ್ಲಿ ತಂದಿತು, 2022ರ ಜುಲೈನಲ್ಲಿ ಅದನ್ನೂ ತೆಗೆಸಿದರು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಈಗ ರಕ್ತ ಹಸಿರು ಬಣ್ಣಕ್ಕೆ ಬದಲಾಗಿದೆ. 18ರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆ ಎಂಬ ಮಿತಿ ಇದೆ, ಪೋಷಕರ ನಂಬರಿಗೆ ಓಟಿಪಿ ಬರುತ್ತದೆ. ಬಹಳ ಮನೆಗಳಲ್ಲಿ ಮಗು ಆಡುವ ಫೋನೇ ಅಮ್ಮನದು, ಓಟಿಪಿ ಬರುವುದೂ ಅದಕ್ಕೇ. ಇನ್ನು 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಆಟಗಳಿಗೆ, ಮಾನ್ಯತೆ ಕೊಟ್ಟಿತು. ಗುಂಡು ಹೊಡೆಯುವ ಆಟಗಳು ಅದರಲ್ಲಿ ಅಪರಾಧ ಅಲ್ಲ.

ಗಂಟೆ ಲೆಕ್ಕದ ಮಿತಿ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಚೀನಾ ಇದೆ. 2019ರಲ್ಲಿ ಅವರು ಮಕ್ಕಳಿಗೆ ಶಾಲೆ ಇರುವ ದಿನ ಒಂದೂವರೆ ಗಂಟೆ ಎಂದು ಕಾನೂನು ಮಾಡಿದರು. ಸಂಶೋಧಕ ಡೇವಿಡ್ ಝೆಂಡಲ್ ಮತ್ತು ಜೊತೆಗಾರರು 700 ಕೋಟಿ ಗಂಟೆಗೂ ಜಾಸ್ತಿ ಆಟದ ದಾಖಲೆ ತೆಗೆದು ನೋಡಿ 2023ರಲ್ಲಿ ಬರೆದರು: ವಿಪರೀತ ಆಡುವವರ ಪ್ರಮಾಣ ಆ ಕಾನೂನಿನಿಂದ ಕಡಿಮೆಯಾಯಿತು ಎನ್ನಲು ಆಧಾರ ಸಿಗಲಿಲ್ಲ.

ಮನೆಯಲ್ಲಿ ಇದೇ ಪರಿಸ್ಥಿತಿ ಇದ್ದರೆ

ಸುಮ್ನೆ ಪ್ರಕರಣ ಹೇಳಿ ಬಿಟ್ಟರೆ ಓದಿದ ತಂದೆತಾಯಿಗೆ ಏನೂ ಸಿಕ್ಕಂತಾಗುವುದಿಲ್ಲ, ಅದಕ್ಕೇ ಇಷ್ಟು.

ಪಕ್ಕದಲ್ಲಿ ಕೂತು ಒಂದು ಮ್ಯಾಚ್ ಪೂರ್ತಿ ನೋಡಿ. ಯಾರ ಜೊತೆ ಆಡುತ್ತಾನೆ, ಮೈಕಿನಲ್ಲಿ ಯಾರ ದನಿ ಕೇಳುತ್ತದೆ, ಬೈಗುಳ ಎಷ್ಟು, ಅಪರಿಚಿತ ದೊಡ್ಡವರು ಇದ್ದಾರಾ ಅಂತ ಗೊತ್ತಾಗುತ್ತದೆ. ನನಗೆ ಕೇಳಿದರೆ ಗನ್ನಿಗಿಂತ ಆ ಮೈಕಿನ ಬಗ್ಗೆ ಜಾಸ್ತಿ ಎಚ್ಚರ ಬೇಕು. ಮಿತಿ ಹಾಕುವುದಾದರೆ ಗಡಿಯಾರ ಹಿಡಿದು ಮಧ್ಯದಲ್ಲಿ ಕಿತ್ತುಕೊಳ್ಳಬೇಡಿ, ಇಷ್ಟು ಮ್ಯಾಚ್ ಅಂತ ಮೊದಲೇ ಮಾತಾಡಿಕೊಳ್ಳಿ, ಕೊನೆಯ ಮ್ಯಾಚ್ ಶುರುವಾಗುವ ಮುಂಚೆ ನೆನಪಿಸಿ. ರಾತ್ರಿ ಫೋನ್ ಮಲಗುವ ಕೋಣೆಯ ಹೊರಗೆ ಇರಲಿ, ಅಪ್ಪ ಅಮ್ಮನದೂ ಸೇರಿ. ನಿದ್ದೆ ಕೆಟ್ಟ ಮಗು ಯಾವ ಆಟ ಆಡದಿದ್ದರೂ ರೇಗುತ್ತದೆ, ಆಟದ ಪರಿಣಾಮ ಎಂದು ನಾವು ಕರೆಯುವ ಎಷ್ಟೋ ಸಿಟ್ಟು ನಿದ್ದೆ ಇಲ್ಲದ್ದರ ಸಿಟ್ಟು. ಯುಪಿಐ ಪಿನ್ ಮಗುವಿಗೆ ಗೊತ್ತಿರಬಾರದು. ಚಿಕ್ಕ ಮಕ್ಕಳಿಗೆ, ಪ್ರೈಮರಿಯವರಿಗೆ, ಈ ಆಟ ಬೇಡ ಎಂದು ಹೇಳಲು ಯಾವ ಸಂಶೋಧನೆಯೂ ಬೇಕಿಲ್ಲ, ಅದು ನೀವು ಅವರ ತಂದೆತಾಯಿ ಎಂಬುದರಿಂದಲೇ ಸಾಕು.

ಆದರೆ ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದರೆ, ಸ್ನಾನ ಊಟ ತಪ್ಪುತ್ತಿದ್ದರೆ, ಗೆಳೆಯರ ಜೊತೆ ಮಾತು ನಿಂತಿದ್ದರೆ, ಫೋನ್ ಕೊಡದಿದ್ದರೆ ಕೈ ಎತ್ತುವುದೋ ಸಾಯುತ್ತೇನೆ ಎನ್ನುವುದೋ ಆಗುತ್ತಿದ್ದರೆ, ವಾದ ಮಾಡುತ್ತಾ ಕೂರಬೇಡಿ. ಆಟದ ಹಿಂದೆ ಖಿನ್ನತೆ ಇರಬಹುದು, ಶಾಲೆಯಲ್ಲಿ ಯಾರದೋ ಕಾಟ ಇರಬಹುದು, ಮನೆಯ ಜಗಳದಿಂದ ಓಡಿಹೋಗಲು ಸಿಕ್ಕ ಒಂದೇ ಜಾಗ ಅದಾಗಿರಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗು ಮಾತಾಡಲು ಒಪ್ಪದಿದ್ದರೆ ಮೊದಲು ನೀವೇ ಫೋನ್ ಮಾಡಿ ಕೇಳಿ.